ಬಂದವರು, ಇದ್ದವರು

(ಸಂಘದ ರಜತ ಮಹೋತ್ಸವದ ಎರಡನೇ ದಿನ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು. ಸ್ಮರಣ ಸಂಚಿಕೆಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ನನಗೆ ಭಾಷಣ ಮಾಡಿ ರೂಢಿ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಪುಸ್ತಕ ಮುಚ್ಚಿ ನೇಗಿಲು ಹಿಡಿದವನು. ನಮ್ಮ ಕಾರ್ಯದರ್ಶಿಗಳು "ಸಂಘ ನಡೆದು ಬಂದ ದಾರಿ ಅಂತ ಒಂದು ಹತ್ತು ನಿಮಿಷ ಮಾತಾಡಿ" ಅಂದರು. ಸಂಘ ನಡೆದು ಬಂದ ದಾರಿ ವರದಿಯಲ್ಲಿ ಅಚ್ಚಾಗಿದೆ. ಯಾವ ವರ್ಷ ಎಷ್ಟು ಲೀಟರು, ಎಷ್ಟು ಬೋನಸ್ಸು, ಕಟ್ಟಡಕ್ಕೆ ಎಷ್ಟು ಖರ್ಚು, ಎಲ್ಲ ಅಲ್ಲಿದೆ. ಸಹಕಾರ ಸಂಘದ ಸಭೆ ಅಂದಮೇಲೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಶುರುವಾದ ಮೊದಲ ಸಂಘದಿಂದ ಮಾತು ತೆಗೆಯುವುದು ವಾಡಿಕೆ. ಅದನ್ನೂ ನಿನ್ನೆ ಬಂದ ಅತಿಥಿಗಳು ಚೆನ್ನಾಗಿ ಹೇಳಿದ್ದಾರೆ. ಹಾಗಾಗಿ ಆ ಊರಿಗೆ ಇಲ್ಲಿಂದಲೇ ಕೈ ಮುಗಿದು ನಾನು ಬೇರೆ ಮಾತು ತೆಗೆಯುತ್ತೇನೆ. ಹೊರಗಿನಿಂದ ಬಂದವರಿಗೆ ನಮ್ಮ ಬಾಯಲ್ಲಿ ಎಷ್ಟು ಹೆಸರಿವೆ ಅನ್ನುವ ವಿಚಾರ. ಇದಕ್ಕೂ ಹಾಲಿನ ಸಂಘಕ್ಕೂ ಎಂತ ಸಂಬಂಧ ಮಾರಾಯ ಅಂತ ಕೇಳಬೇಡಿ, ಬರ್ತೀನಿ.

ನನ್ನನ್ನು ಎಲ್ಲರೂ ಬಲ್ಲಿರಿ. ನಮ್ಮ ಮನೆಗೆ ನೀವು 'ಮುಳುಗಡೆಯೋರ ಮನೆ' ಅನ್ನುತ್ತೀರಿ. ನಮ್ಮ ಕೇರಿಗೆ 'ಮುಳುಗಡೆ ಕೇರಿ' ಅನ್ನುತ್ತೀರಿ. ನಾನು ಹುಟ್ಟಿದ್ದು ಇದೇ ಊರಿನಲ್ಲಿ. ನಮ್ಮವರು ಇಲ್ಲಿಗೆ ಬಂದು ಹದಿನೈದು ವರ್ಷದ ಮೇಲಾಗಿತ್ತು ಆಗ. ಕೆರೆಯಲ್ಲಿ ಈಜು ಕಲಿಯುವಾಗ ಒಂದೆರಡು ಸಲ ಬಿಟ್ಟರೆ ನಾನು ಯಾವ ನೀರಿನಲ್ಲೂ ಮುಳುಗಿದವನಲ್ಲ. ಆದರೂ ನಾನು ಮುಳುಗಡೆಯವನೇ. ನನ್ನ ಮಗ ಶಿವಮೊಗ್ಗದಲ್ಲಿ ಐಟಿಐ ಓದುತ್ತಾನೆ, ಅವನೂ ಮುಳುಗಡೆಯವನೇ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಹೇಳುತ್ತೇನೆ. ಶರಾವತಿ ಹೊಳೆಗೆ ಮೊದಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಡ್ಯಾಮು. ಅದು 1948ರ ಹೊತ್ತಿಗೆ ಆಯಿತು, ಜೋಗದ ಕರೆಂಟಿಗೆ. ಅದು ಸಾಲದೆ ಆಮೇಲೆ ಲಿಂಗನಮಕ್ಕಿ ಕಟ್ಟಿದರು, 1964ರಲ್ಲಿ ಮುಗಿಯಿತು. ಹೊಸ ಡ್ಯಾಮಿನ ನೀರಲ್ಲಿ ಹಳೇ ಡ್ಯಾಮೇ ಮುಳುಗಿತು ಅಂದರೆ ನೀರು ಎಷ್ಟಿರಬೇಕು ಲೆಕ್ಕ ಹಾಕಿ. ಈಗಲೂ ಮಳೆಗಾಲದಲ್ಲಿ ಪೇಪರಿನಲ್ಲಿ ನೋಡುತ್ತೀರಲ್ಲ, ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ ಅಂತ, ಆ 1819 ಅಡಿಯ ಕೆಳಗೆ ನಮ್ಮಜ್ಜನ ಗದ್ದೆ, ತೋಟ, ಕೊಟ್ಟಿಗೆ, ದೇವರ ಬನ ಎಲ್ಲ ಇದೆ. ಮೊದಲ ಡ್ಯಾಮಿಗೆ ಎದ್ದು ಹೋಗಿ ಸ್ವಲ್ಪ ಮೇಲೆ ಮನೆ ಕಟ್ಟಿಕೊಂಡವರು ಎರಡನೇ ಡ್ಯಾಮಿಗೆ ಮತ್ತೊಮ್ಮೆ ಎದ್ದ ಉದಾಹರಣೆಗಳೂ ಇವೆ.

ನಮ್ಮಪ್ಪನಿಗೆ ಆಗ ಎಂಟೋ ಒಂಬತ್ತೋ ವರ್ಷ. ಲಾರಿಯಲ್ಲಿ ಪಾತ್ರೆ, ಒನಕೆ, ಕೋಳಿ ಗೂಡು, ಬಾಗಿಲು ಚೌಕಟ್ಟು, ಮುದುಕರು, ಮಕ್ಕಳು ಎಲ್ಲ ತುಂಬಿಕೊಂಡು ಬಂದು ಈ ಕಾಡಿನ ಅಂಚಿನಲ್ಲಿ ಇಳಿಸಿದರಂತೆ. ಬಾಗಿಲು ಚೌಕಟ್ಟು ಯಾಕೆ ತಂದಿರಿ ಅಂತ ನಾನು ಒಮ್ಮೆ ಅಜ್ಜಿಯನ್ನು ಕೇಳಿದ್ದೆ. "ಗೋಡೆ ತರಕ್ಕೆ ಆಗಲ್ಲ, ಅದಕ್ಕೆ" ಅಂದಿತ್ತು. ಆ ಹಲಸಿನ ಚೌಕಟ್ಟು ಈಗಲೂ ನಮ್ಮ ದೇವರ ಕೋಣೆಗೆ ಇದೆ. ದನಗಳನ್ನು ಗಂಡಸರು ನಡೆಸಿಕೊಂಡೇ ಬಂದರು. ಅದರಲ್ಲಿ ಒಂದು ಹಸು ಎರಡು ಸಲ ತಪ್ಪಿಸಿಕೊಂಡು ವಾಪಸ್ಸು ಹೊರಟಿತ್ತಂತೆ.

ಇಲ್ಲಿ ಇದ್ದವರಿಗೆ ಇವರು ಯಾರು, ಯಾಕೆ ಬಂದರು ಒಂದೂ ಗೊತ್ತಿಲ್ಲ. ದನ ಮೇಯಿಸುತ್ತಿದ್ದ ಗುಡ್ಡದಲ್ಲಿ ಇದ್ದಕ್ಕಿದ್ದಂತೆ ಗುಡಿಸಲು ಎದ್ದವು. ಸಿಟ್ಟು ಬಂದಿರಲಿಕ್ಕೂ ಸಾಕು. ಅವರ ಜಾಗದಲ್ಲಿ ನಾವಿದ್ದರೂ ಬರುತ್ತಿತ್ತು. ಹಾಗೆ ಹುಟ್ಟಿದ ಹೆಸರು ಇದು. ಸರ್ಕಾರದ ಕಾಗದದಲ್ಲಿ 'ಸಂತ್ರಸ್ತರು' ಅಂತ ಬರೆಯುತ್ತಿದ್ದರು. ಆ ಶಬ್ದ ನಮ್ಮಜ್ಜನ ಬಾಯಲ್ಲಿ ತಿರುಗುತ್ತಿರಲಿಲ್ಲ. ಮುಳುಗಡೆಯೋರು ಅನ್ನುವುದೇ ನಿಂತಿತು. ಮೊದಲು ಅದೇನು ಬೈಗುಳವಲ್ಲ, ಗುರುತು. ಬರಬರುತ್ತಾ ಗದ್ದೆಯ ಬದುವಿನ ಜಗಳಕ್ಕೆ, ನೀರಿನ ಸರದಿಗೆ, ಕೊನೆಗೆ ಮಕ್ಕಳು ಗೋಲಿ ಆಡುವಾಗಿನ ಜಗಳಕ್ಕೂ ಅದೇ ಶಬ್ದ ಬಂತು.

ನಾನು ಶಾಲೆಗೆ ಹೋಗುವಾಗ ಹುಡುಗರು ಒಂದು ಹಾಡು ಕಟ್ಟಿದ್ದರು. "ಮುಳುಗಡೆ ಮುಳುಗಡೆ, ನಿಮ್ಮೂರು ಯಾವ ಕಡೆ?" ಅಷ್ಟೇ. ಹಾಡಿದವರಲ್ಲಿ ಮೂರು ಜನ ಇಲ್ಲೇ ಮುಂದಿನ ಸಾಲಿನಲ್ಲಿ ನಗುತ್ತಾ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ನಮ್ಮ ಮಾತನ್ನೂ ಆಡಿಕೊಳ್ಳುತ್ತಿದ್ದರು. ಇವರು 'ಏನು' ಅನ್ನುವ ಕಡೆ ನಾವು 'ಎಂತದು' ಅನ್ನುತ್ತಿದ್ದೆವಲ್ಲ, ನಾನು ಬಾಯಿ ತೆಗೆದರೆ ಸಾಕು "ಎಂತದಾ ಎಂತದು" ಅಂತ ಹಿಂದೆ ಬರೋರು. ಈಗ ಊರಿಗೆ ಊರೇ ಎಂತದು ಅನ್ನುತ್ತದೆ, ಆ ಮಾತು ಬೇರೆ.

ನಾನು ಒಂದು ದಿನ ಮನೆಗೆ ಹೋಗಿ ಅಪ್ಪನನ್ನು ಕೇಳಿದೆ, "ಹೌದಪ್ಪ, ನಮ್ಮೂರು ಯಾವ ಕಡೆ?" ಅಪ್ಪ ಮಾತಾಡಲಿಲ್ಲ. ಆದರೆ ನೀರು ಬಹಳ ಇಳಿದ ಒಂದು ಬೇಸಿಗೆಯಲ್ಲಿ ಸಾಗರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಹೊಳೆಬಾಗಿಲು ಬಸ್ಸು ಹತ್ತಿಸಿ, ಬಿಸಿಲಲ್ಲಿ ನಡೆಸಿ ತೋರಿಸಿದರು. ಮಡೆನೂರು ಡ್ಯಾಮು ನೀರಿನಿಂದ ಮೇಲೆದ್ದು ನಿಂತಿತ್ತು. ಸುತ್ತ ಕೆಂಪು ಮಣ್ಣು, ಕರೀ ಕುಂಟೆಗಳು. ಮರ ಕಡಿದು ಬಿಟ್ಟ ಬೊಡ್ಡೆಗಳು ಅಷ್ಟು ವರ್ಷ ನೀರಲ್ಲಿದ್ದರೂ ಕೊಳೆತಿರಲಿಲ್ಲ. ಅಪ್ಪ ಮನೆ ಜಾಗ ಹುಡುಕಿದರು, ಸಿಗಲಿಲ್ಲ. ಇಲ್ಲೇ ಎಲ್ಲೋ, ಇಲ್ಲೇ ಎಲ್ಲೋ ಅಂತ ಮಧ್ಯಾಹ್ನದವರೆಗೂ ತಿರುಗಿದರು. ಕೊನೆಗೆ ಒಂದು ಬಾವಿಯ ಕಲ್ಲು ಕಟ್ಟೆ ಸಿಕ್ಕಿತು. ಅದು ನಮ್ಮದೋ ಪಕ್ಕದ ಮನೆಯವರದೋ ಅಂತ ಅವರಿಗೆ ತೀರ್ಮಾನ ಆಗಲಿಲ್ಲ. ಅದರ ಮೇಲೇ ಕೂತು ಬುತ್ತಿ ಬಿಚ್ಚಿ ಉಂಡೆವು.

ನಮಗೆ ಈ ಹೆಸರಾದರೆ, ಅಲ್ಲೇ ಹೊಳೆಯ ಆಚೆ ದಡದಲ್ಲಿ ಉಳಿದುಕೊಂಡವರಿಗೆ ಇನ್ನೊಂದು ಹೆಸರು. ತುಮರಿ ಕಡೆಯವರು, ಅವರಿಗೆ 'ದ್ವೀಪದವರು', 'ಹಿನ್ನೀರಿನವರು' ಅನ್ನುತ್ತಾರೆ. ಲಾಂಚು ಬಿಟ್ಟರೆ ಹತ್ತಿರದ ದಾರಿ ಇಲ್ಲದೆ ಅರವತ್ತು ವರ್ಷ ಕಳೆದರು. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಆಯಿತು. ಇನ್ನು ದ್ವೀಪದವರು ಅನ್ನುವುದು ನಿಲ್ಲುತ್ತದೋ ಇಲ್ಲವೋ ನೋಡಬೇಕು. ನನಗೇನೋ ಅನುಮಾನ. ಸೇತುವೆ ಕಟ್ಟಿದಷ್ಟು ಬೇಗ ಹೆಸರು ಹೋಗುವುದಿಲ್ಲ.

ಈಗ ನಮ್ಮ ಮಲೆನಾಡಿನಲ್ಲಿ ಮೊದಲಿನಿಂದ ಇರುವ ಬೇರೆ ಹೆಸರುಗಳನ್ನು ನೋಡೋಣ. ಘಟ್ಟದ ವಿಚಾರವೇ ತಮಾಷೆ. ಕರಾವಳಿಯವರಿಗೆ ನಾವು 'ಘಟ್ಟದವರು'. ನಮಗೆ ಅವರು 'ಘಟ್ಟದ ಕೆಳಗಿನವರು', 'ಘಟ್ಟದ ತಗ್ಗಿನವರು'. ಗುಡ್ಡ ಒಂದೇ. ಮೇಲೆ ನಿಂತವನು ಕೆಳಗೆ ಕೈ ತೋರಿಸುತ್ತಾನೆ, ಕೆಳಗೆ ನಿಂತವನು ಮೇಲೆ. ಹಳಬರು ದಕ್ಷಿಣ ಕನ್ನಡದವರಿಗೆ 'ಕನ್ನಡ ಜಿಲ್ಲೆಯವರು' ಅನ್ನುತ್ತಿದ್ದರು. ನಾವೇನು ತೆಲುಗು ಜಿಲ್ಲೆಯವರೇ? ಕನ್ನಡ ಜಿಲ್ಲೆಯವರು ಅಂತ ಕರೆಸಿಕೊಂಡವರಲ್ಲಿ ಎಷ್ಟೋ ಜನರ ಮನೆಮಾತು ತುಳು. ಹಿಂದೆ ಅಡಿಕೆ ತೋಟದ ಕೆಲಸಕ್ಕೆ ಅಲ್ಲಿಂದ ಆಳುಗಳನ್ನು ಕರೆತರುವವನಿಗೆ ಸೇರೆಗಾರ ಅನ್ನುತ್ತಿದ್ದರು. ಕುವೆಂಪು ಅವರು 1936ರಲ್ಲಿ ಬರೆದ 'ಕಾನೂರು ಹೆಗ್ಗಡಿತಿ'ಯಲ್ಲೂ ಅಂಥ ಸೇರೆಗಾರರೊಬ್ಬರು ಬರುತ್ತಾರೆ. ನಮ್ಮ ಕಡೆ ಆ ಕೆಲಸ ನಿಂತು ಎಷ್ಟೋ ಕಾಲವಾಯಿತು. ಆದರೆ ಯಾರಾದರೂ ಗುಂಪು ಕಟ್ಟಿಕೊಂಡು ಹೊರಟರೆ "ಓ ಸೇರೆಗಾರ ಹೊರಟ" ಅನ್ನುವುದು ನಿಂತಿಲ್ಲ.

ನಾವು ಮಲೆನಾಡಿನವರು ಒಣ ಸೀಮೆಯವರಿಗೆಲ್ಲ ಒಟ್ಟಾಗಿ 'ಬಯಲುಸೀಮೆಯವರು' ಅಂದುಬಿಡುತ್ತೇವೆ. ಅದರಲ್ಲಿ ದಾವಣಗೆರೆಯೂ ಬಂತು, ಕೋಲಾರವೂ ಬಂತು. ಮಂಗಳೂರು ಉಡುಪಿ ಕಡೆ ಹೋದರೆ ಉತ್ತರ ಕರ್ನಾಟಕದಿಂದ ರಸ್ತೆ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರೆಲ್ಲ 'ಬಿಜಾಪುರದವರು'. ಬಾಗಲಕೋಟೆಯವನಾಗಲಿ ರಾಯಚೂರಿನವನಾಗಲಿ ಬಿಜಾಪುರದವನೇ. 2014ರಲ್ಲಿ ಬಿಜಾಪುರಕ್ಕೇ ವಿಜಯಪುರ ಅಂತ ಹೆಸರು ಬದಲಾಯಿತು. ಇವರ ಹೆಸರು ಬದಲಾಗಲಿಲ್ಲ. ಆ ರೋಗ ಘಟ್ಟ ಹತ್ತಿ ನಮ್ಮೂರಿಗೂ ಬಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಇನ್ನು ತುಂಗಭದ್ರಾ ಅಚ್ಚುಕಟ್ಟು. ಗಂಗಾವತಿ, ಸಿಂಧನೂರು ಕಡೆ ಭತ್ತದ ಬೀಜಕ್ಕೆ ಅಂತ ನಾನು ಒಮ್ಮೆ ಹೋಗಿದ್ದೆ. ಅಲ್ಲಿ ಊರಿಗೊಂದು ಹೆಸರು, ಅದರ ಪಕ್ಕದಲ್ಲಿ 'ಕ್ಯಾಂಪು'. 1953ರಲ್ಲಿ ಡ್ಯಾಮಿನ ನೀರು ಬಿಟ್ಟ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ರೈತರು ಬಂದು ಜಮೀನು ಕೊಂಡು ಗದ್ದೆ ಮಾಡಿದರು. ಹೊಲದ ಹತ್ತಿರವೇ ಬಿಡಾರ ಹಾಕಿಕೊಂಡರು. ಆ ಬಿಡಾರಗಳೇ ಕ್ಯಾಂಪು, ಅವರು 'ಕ್ಯಾಂಪಿನವರು'. ಈಗ ಅಲ್ಲಿ ಮಹಡಿ ಮನೆ, ಕಲ್ಯಾಣ ಮಂಟಪ, ರೈಸ್ ಮಿಲ್ಲು ಎಲ್ಲ ಇವೆ. ಮೂರು ತಲೆಮಾರು ಕಳೆದಿದೆ. ಆದರೂ ಅದು ಕ್ಯಾಂಪು. ನನಗೆ ಊಟ ಹಾಕಿದ ಯಜಮಾನರನ್ನು "ನೀವು ಯಾವೂರಿನವರು?" ಅಂದೆ. ಅವರು ಶುದ್ಧ ಕನ್ನಡದಲ್ಲಿ "ನಾವು ಇಲ್ಲಿಯವರೇ, ಕ್ಯಾಂಪಿನವರು" ಅಂದರು. ಇಲ್ಲಿಯವರೂ ಹೌದು, ಕ್ಯಾಂಪಿನವರೂ ಹೌದು. ನಾನು ನಕ್ಕೆ, ನಾನೂ ಮುಳುಗಡೆಯವನು ಅಂದೆ. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಡ್ಯಾಮಿನ ಮೇಲಿನಿಂದ ಎದ್ದವರು ನಾವು, ಡ್ಯಾಮಿನ ಕೆಳಗೆ ಬಂದವರು ಅವರು.

ಕೆಲವು ಹೆಸರುಗಳು ಹುಟ್ಟುವಾಗ ಒಳ್ಳೆಯವು, ಬಾಯಿಂದ ಬಾಯಿಗೆ ಬಂದು ಕೆಟ್ಟವು. ತಮಿಳರಿಗೆ 'ಕೊಂಗರು' ಅನ್ನುವುದು ಹಾಗೆ. ಕೊಂಗುನಾಡು ಅಂದರೆ ಕೊಯಮತ್ತೂರು, ಈರೋಡು ಕಡೆಯ ಸೀಮೆಯ ಹೆಸರು. ನಾವು ಮಲೆನಾಡಿನವರು ಅಂದ ಹಾಗೆ ಅವರು ಕೊಂಗುನಾಡಿನವರು. ಅದರಲ್ಲಿ ಬೈಯುವುದಕ್ಕೆ ಏನಿದೆ? ಆದರೆ ಈಗ ಆ ಮಾತನ್ನು ಎದುರಿಗೆ ಅಂದರೆ ಜಗಳವಾಗುತ್ತದೆ, ಆಗಲೇಬೇಕು, ಯಾಕೆಂದರೆ ನಾವು ಅನ್ನುವ ರೀತಿಯೇ ಹಾಗಿದೆ.

'ಪರದೇಶಿ' ಅನ್ನುವುದು ಇದಕ್ಕಿಂತ ವಿಚಿತ್ರ. ಪರದೇಶದವನು ಪರದೇಶಿ, ಬೇರೆ ಊರಿನಿಂದ ಬಂದವನು ಅಂತಷ್ಟೇ ಅದರ ಮೂಲ. ನಾವು ಅದನ್ನು ಯಾರಿಗೆ ಬಳಸುತ್ತೇವೆ? ತಾಯಿ ತಂದೆ ಇಲ್ಲದ ಮಗುವಿಗೆ, ದಿಕ್ಕು ಇಲ್ಲದ ಮುದುಕನಿಗೆ. "ಪಾಪ, ಪರದೇಶಿ" ಅನ್ನುತ್ತೇವೆ. ಇದೇ ಊರಲ್ಲಿ ಹುಟ್ಟಿ ಇದೇ ಊರಲ್ಲಿ ಬೆಳೆದವನಿಗೂ ಕೇಳುವವರು ಇಲ್ಲದಿದ್ದರೆ ಪರದೇಶಿ. ಹಿಂದಿನವರು ಹೊರಗಿನಿಂದ ಬಂದವನನ್ನೂ ಹಿಂದೆ ಮುಂದೆ ಯಾರೂ ಇಲ್ಲದವನನ್ನೂ ಒಂದೇ ಮಾತಿನಲ್ಲಿ ಕರೆದರು. ಈ ಶಬ್ದದ ಬಗ್ಗೆ ನಾನು ಹಾಲು ಕರೆಯುವಾಗ ಬಹಳ ಸಲ ಯೋಚನೆ ಮಾಡಿದ್ದೇನೆ.

ನಮ್ಮ ಮನೆಗಳ ಒಳಗೇ ನೋಡಿ. ಸೊಸೆ ಬಂದರೆ ಅವಳಿಗೆ ಹೆಸರು ಹೋಗಿ ಊರು ಬರುತ್ತದೆ. ನಮ್ಮಮ್ಮ ಹೊಸನಗರದ ಕಡೆಯವರು, ಸಾಯುವವರೆಗೂ ಓರಗಿತ್ತಿಯರ ಬಾಯಲ್ಲಿ 'ಹೊಸನಗರದವಳು'. ನನ್ನ ಹೆಂಡತಿ ಶಿಕಾರಿಪುರದ ಕಡೆಯವಳು. ಬಂದು ಇಪ್ಪತ್ತು ವರ್ಷದ ಮೇಲಾಯಿತು. ಸಾರು ಸ್ವಲ್ಪ ಖಾರವಾದರೆ ಇವತ್ತಿಗೂ "ಶಿಕಾರಿಪುರದವರ ಕೈ" ಅನ್ನುತ್ತೇವೆ. ಇದರಲ್ಲಿ ಪ್ರೀತಿಯೂ ಇದೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಪ್ರೀತಿ ಎಷ್ಟು, ಕೊಂಕು ಎಷ್ಟು ಅನ್ನುವುದು ಕರೆಯುವವರಿಗಿಂತ ಕರೆಸಿಕೊಳ್ಳುವವರಿಗೆ ಸರಿಯಾಗಿ ಗೊತ್ತಿರುತ್ತದೆ. ತಾಯಂದಿರು ತಲೆಯಾಡಿಸುತ್ತಿದ್ದಾರೆ.

ನಾವೇ ಹೊರಗೆ ಹೋದರೆ ನಮಗೂ ಹೆಸರು ಕಾದಿರುತ್ತದೆ. ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದವರನ್ನು ಕೇಳಿ. ಅಲ್ಲಿ ದಕ್ಷಿಣದಿಂದ ಬಂದವರೆಲ್ಲ 'ಮದ್ರಾಸಿ'. ಕನ್ನಡದವನೋ, ಮಲೆಯಾಳದವನೋ, ಆಂಧ್ರದವನೋ ಯಾರು ವಿಚಾರಿಸುತ್ತಾರೆ? 1969ರಲ್ಲಿ ಮದ್ರಾಸ್ ರಾಜ್ಯಕ್ಕೇ ತಮಿಳುನಾಡು ಅಂತ ಹೆಸರಾಯಿತು, ಮದ್ರಾಸಿ ಮಾತ್ರ ಉಳಿದ. ನನ್ನ ಚಿಕ್ಕಪ್ಪ ಅಲ್ಲಿ ಹನ್ನೊಂದು ವರ್ಷ ಇಡ್ಲಿ ಪ್ಲೇಟು ಎತ್ತಿ ಬಂದವರು. ಊರಲ್ಲಿ ಮುಳುಗಡೆಯೋನು, ಅಲ್ಲಿ ಮದ್ರಾಸಿ, ವಾಪಸ್ಸು ಬಂದಮೇಲೆ 'ಬಾಂಬೆಯವನು'. ಒಂದು ಜೀವಕ್ಕೆ ಮೂರು ಹೆಸರು, ಮೂರೂ ಬೇರೆ ಊರಿನವು.

2020ರ ಕೊರೋನಾ ಕಾಲ ಮರೆತಿಲ್ಲ ಅಂದುಕೊಳ್ಳುತ್ತೇನೆ. ಊರೂರಿಗೆ ಮುಳ್ಳು ಕಡಿದು ಹಾಕಿ ದಾರಿ ಕಟ್ಟಿದ ಕಾಲ. ನಮ್ಮೂರಿನ ಹುಡುಗರೇ, ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೇ ಬೈಕಿನಲ್ಲಿ ಬಂದು ಬೇಲಿಯ ಆಚೆ ನಿಂತರೆ "ಬೆಂಗಳೂರಿನವರು ಬಂದರು" ಅಂತ ಫೋನು ಮಾಡಿದೆವು. ಫೋನು ಮಾಡಿದವರಲ್ಲಿ ನಾನೂ ಒಬ್ಬ. ಹೆದರಿಕೆ ಇತ್ತು, ತಪ್ಪು ಅಂತ ಹೇಳುವುದಿಲ್ಲ. ಆದರೆ ಹೆದರಿಕೆಗೆ ಹೆಸರು ಎಷ್ಟು ಬೇಗ ಸಿಗುತ್ತದೆ ಅಂತ ಆವತ್ತು ನೋಡಿದೆ.

ಈಗ ಹೊಸ ಹೆಸರು 'ಹಿಂದಿಯವರು'. ಜಾರ್ಖಂಡ, ಬಿಹಾರ, ಅಸ್ಸಾಮು ಎಲ್ಲಿಂದ ಬಂದರೂ ಹಿಂದಿಯವರು. ಅಸ್ಸಾಮಿನವರ ಭಾಷೆ ಬೇರೆ ಅಂತ ನಮಗೆ ಗೊತ್ತಿಲ್ಲ. ಅವರಿಗೆ ನಮ್ಮ ಭಾಷೆ 'ಮದ್ರಾಸಿ' ಅಲ್ಲ ಅಂತ ಗೊತ್ತಿದೆಯೋ ಇಲ್ಲವೋ. ಇರಲಿ.

ಹಾಗಾದರೆ ಊರಿನವರು ಯಾರು? ನಾನು ಇದನ್ನು ಜಗಳಕ್ಕೆ ಕೇಳುತ್ತಿಲ್ಲ. ಒಂದು ಲೆಕ್ಕ ಹೇಳುತ್ತೇನೆ, ಮನೆಗೆ ಹೋಗಿ ನೋಡಿಕೊಳ್ಳಿ. ನಿಮ್ಮ ಮನೆದೇವರು ಎಲ್ಲಿ? ಒಬ್ಬರು ಚಂದ್ರಗುತ್ತಿಗೆ ಹೋಗುತ್ತೀರಿ, ಒಬ್ಬರು ಮೈಲಾರಕ್ಕೆ ಹೋಗುತ್ತೀರಿ, ಒಬ್ಬರು ಧರ್ಮಸ್ಥಳಕ್ಕೆ. ಈ ಊರಿನ ಗಡಿಯೊಳಗೆ ಮನೆದೇವರು ಇರುವ ಮನೆ ಎಷ್ಟಿವೆ? ನಾನು ಬೆರಳು ಮಡಚಿ ಎಣಿಸಿದ್ದೇನೆ, ಒಂದು ಕೈ ಸಾಕಾಯಿತು. ದೇವರನ್ನು ಅಲ್ಲಿಟ್ಟು ನಾವು ಇಲ್ಲಿಗೆ ಬಂದಿದ್ದೇವೆ ಅಂತಲೇ ನನ್ನ ಎಣಿಕೆ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಅನ್ನುವುದಷ್ಟೇ ವ್ಯತ್ಯಾಸ. ಇದನ್ನು ನಾನು ಒಮ್ಮೆ ಕಟ್ಟೆಯ ಮೇಲೆ ಹೇಳಿದ್ದಕ್ಕೆ ಹಿರಿಯರೊಬ್ಬರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಮತ್ತೆ ಬಿಡದಿದ್ದರೆ ಸಾಕು.

ಈಗ ಸಂಘಕ್ಕೆ ಬರುತ್ತೇನೆ. ನಮ್ಮಂಥ ಮುಳುಗಡೆಯವರಿಗೆ ತೋರಿಸಿದ ಜಾಗ ಅನೇಕ ಕಡೆ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಉಳುತ್ತಿದ್ದೆವು, ಕಂದಾಯದವರು ಬಂದು ನೋಡಿ ಹೋಗುತ್ತಿದ್ದರು, ಪಹಣಿಯಲ್ಲಿ ನಮ್ಮ ಹೆಸರಿರಲಿಲ್ಲ. ಪಹಣಿ ಇಲ್ಲದವನಿಗೆ ಬೆಳೆಸಾಲ ಇಲ್ಲ, ಗೊಬ್ಬರದ ಸಾಲ ಇಲ್ಲ. ಅಪ್ಪ ಮಳೆ ಬರುವ ಮುಂಚೆ ಅಮ್ಮನ ಗುಂಡು ಸರ ಗಿರವಿ ಇಡುವುದು, ಭತ್ತ ಮಾರಿ ಬಿಡಿಸುವುದು, ಇದನ್ನೇ ಸುಗ್ಗಿಯ ಹಬ್ಬದ ಹಾಗೆ ಪ್ರತಿ ವರ್ಷ ಮಾಡುತ್ತಿದ್ದರು. ಇವತ್ತಿಗೂ ಶರಾವತಿಯ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರದ ಸಮಸ್ಯೆ ಮುಗಿದಿಲ್ಲ. ನಾಡಿಗೆ ಕರೆಂಟು ಕೊಟ್ಟವರು ಅಂತ ಭಾಷಣದಲ್ಲಿ ಹೇಳುತ್ತಾರೆ. ನಮ್ಮ ಕೇರಿಗೆ ಕರೆಂಟು ಬಂದಿದ್ದು ನಾನು ಶಾಲೆಗೆ ಹೋಗುವ ಕಾಲಕ್ಕೆ. ಅಲ್ಲಿಯವರೆಗೆ ಬುಡ್ಡಿ ದೀಪವೇ. ಊರಿನ ಮಾರಿಹಬ್ಬಕ್ಕೆ ನಮ್ಮಿಂದ ವಂತಿಗೆ ತಗೊಳ್ಳುತ್ತಿದ್ದರು, ಕಮಿಟಿಗೆ ತಗೊಳ್ಳುತ್ತಿರಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಈ ಡೇರಿ ಆಗಬೇಕು ಅಂತ ಹೊರಟಾಗ ಊರಿನ ಹಾಲು ಮಾತ್ರ ಲೆಕ್ಕ ಹಾಕಿದರೆ ಸಾಲುತ್ತಿರಲಿಲ್ಲ. ಒಂದು ರಾತ್ರಿ ಊಟದ ಹೊತ್ತಿಗೆ ಬ್ಯಾಟರಿ ಹಿಡಿದುಕೊಂಡು ಊರಿನ ನಾಲ್ಕು ಜನ ಹಿರಿಯರು ನಮ್ಮ ಕೇರಿಗೆ ಬಂದರು. ನನಗೆ ಆಗ ಇಪ್ಪತ್ತರ ಹತ್ತಿರ. ಊರಿನವರು ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿದದ್ದು ನಾನು ಅದೇ ಮೊದಲು ನೋಡಿದ್ದು. ಷೇರು ಹಣ ಕಟ್ಟಿ, ಹಾಲು ಹಾಕಿ ಅಂದರು. ಅಪ್ಪ ಕೇಳಿದ ಒಂದೇ ಪ್ರಶ್ನೆ, "ಪಹಣಿ ಬೇಕಾ?" ಬೇಡ, ಈ ಊರಲ್ಲಿ ವಾಸ ಇದ್ದು ಹಸು ಇದ್ದರೆ ಸಾಕು ಅಂದರು. ಅಪ್ಪ ಒಳಗೆ ಹೋಗಿ ದುಡ್ಡು ತಂದು ಕೊಟ್ಟರು. ಸರ್ಕಾರದ ಮುದ್ರೆ ಇರುವ ಸಂಸ್ಥೆಯಲ್ಲಿ ನಮ್ಮ ಮನೆಯ ಹೆಸರು ಹಕ್ಕಿನಿಂದ ದಾಖಲಾದದ್ದು ಆವತ್ತೇ ಮೊದಲು. ಹಾಲು ಹಾಕಿದ ಮೇಲೆ ಊರಿನದೂ ಕೇರಿಯದೂ ಒಂದೇ ಕ್ಯಾನು. ಲ್ಯಾಕ್ಟೋಮೀಟರಿಗೆ ನೀರು ಬೆರೆಸಿದ್ದು ಗೊತ್ತಾಗುತ್ತದೆ, ಯಾವ ಕೇರಿಯದು ಅಂತ ಗೊತ್ತಾಗುವುದಿಲ್ಲ.

ಆದರೆ ಪುಸ್ತಕದಲ್ಲಿ ಗೊತ್ತಾಗುತ್ತಿತ್ತು! ಸದಸ್ಯರಲ್ಲಿ ಒಂದೇ ಹೆಸರಿನವರು ಇಬ್ಬಿಬ್ಬರು ಇದ್ದರು. ಬಟವಾಡೆಯಲ್ಲಿ ಅದಲು ಬದಲಾಗಬಾರದು ಅಂತ ಆಗ ಪುಸ್ತಕ ಬರೆಯುತ್ತಿದ್ದವರು ನಮ್ಮ ಕೇರಿಯವರ ಹೆಸರಿನ ಮುಂದೆ ಸಣ್ಣದಾಗಿ 'ಮು' ಅಂತ ಬರೆದರು. ಒಂದೇ ಹೆಸರಿನವರಿಗೆ ಬರೆದದ್ದು ನಿಧಾನಕ್ಕೆ ಎಲ್ಲರಿಗೂ ಬಂತು. ಅವರು ಕೆಟ್ಟ ಮನಸ್ಸಿನಿಂದ ಬರೆದಿಲ್ಲ. ಅಪ್ಪ ಎರಡು ವರ್ಷ ನೋಡಿದರು. ಒಂದು ಮಹಾಸಭೆಯಲ್ಲಿ ಎದ್ದು ನಿಂತು, "ನಮ್ಮ ಹೆಸರಿನ ಮುಂದೆ 'ಮು' ಇರುವುದಾದರೆ ಉಳಿದವರ ಮುಂದೆ 'ಊ' ಇರಲಿ" ಅಂದರು. ಅಪ್ಪ ಸಭೆಯಲ್ಲಿ ಬಾಯಿ ತೆಗೆದದ್ದು ಅದೊಂದೇ ಸಲ. ಎಲ್ಲರೂ ನಕ್ಕರು. ಮುಂದಿನ ವರ್ಷದ ಪುಸ್ತಕದಲ್ಲಿ 'ಮು' ಇರಲಿಲ್ಲ, ಎಲ್ಲರಿಗೂ ನಂಬರು ಬಂತು. ಹಳೇ ಪುಸ್ತಕ ಹೊರಗೆ ಪ್ರದರ್ಶನಕ್ಕೆ ಇಟ್ಟಿದ್ದಾರೆ. ನೋಡದೇ ಹೋಗಬೇಡಿ.

ಇಷ್ಟೆಲ್ಲ ಹೇಳಿದ ನಾನು ಈಗ ನನ್ನ ತಪ್ಪು ಹೇಳಬೇಕು. ನಮ್ಮೂರಿನಲ್ಲಿ ಒಬ್ಬ ತಾಯಿ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ತೋಟದ ಕೆಲಸಕ್ಕೆ ಅಂತ ಬಂದವರು. ಬಂದು ಹನ್ನೆರಡು ವರ್ಷ ಆಯಿತು. ಕೂಲಿಯ ದುಡ್ಡು ಉಳಿಸಿ ಮೊದಲು ಒಂದು ಕರು ತಗೊಂಡರು, ಅದು ಎರಡಾಯಿತು. ಹಾಲು ಎಷ್ಟು ಚೊಕ್ಕ ಅಂತ ನಮ್ಮ ಪರೀಕ್ಷಕರನ್ನು ಕೇಳಿ. ಊರೆಲ್ಲ ಅವರನ್ನು ಕರೆಯುವುದು 'ಬಿಜಾಪುರದಮ್ಮ'. ಸದಸ್ಯತ್ವ ಇಲ್ಲದ್ದರಿಂದ ಹಾಲು ತೋಟದವರ ಪಾಸ್‌ಬುಕ್ಕಿನಲ್ಲಿ ಹೋಗುತ್ತಿತ್ತು. ದುಡ್ಡು ತೋಟದವರು ನಿಯತ್ತಾಗಿ ಕೊಡುತ್ತಿದ್ದರು. ಆದರೆ ಬೋನಸ್ಸು, ರಿಯಾಯಿತಿ ದರದ ಪಶು ಆಹಾರ, ವಿಮೆ ಇವೆಲ್ಲ ಪುಸ್ತಕದಲ್ಲಿ ಹೆಸರಿದ್ದವರಿಗೆ.

ಎರಡು ವರ್ಷದ ಹಿಂದೆ ಆ ತಾಯಿ ಸದಸ್ಯತ್ವಕ್ಕೆ ಅರ್ಜಿ ಕೊಟ್ಟರು. ಆಡಳಿತ ಮಂಡಳಿಯ ಸಭೆಯಲ್ಲಿ ಅದು ಬಂತು. ಯಾರೋ ಒಬ್ಬರು "ಬಿಜಾಪುರ ಕಡೆಯೋರು, ಇವತ್ತು ಇರ್ತಾರೆ ನಾಳೆ ಗಂಟು ಕಟ್ತಾರೆ, ಮುಂದಿನ ಸಭೆಯಲ್ಲಿ ನೋಡೋಣ" ಅಂದರು. ಆ ಯಾರೋ ಒಬ್ಬ ನಾನೇ. ನಡಾವಳಿಯಲ್ಲಿ 'ಮುಂದೂಡಲಾಯಿತು' ಅಂತ ಇದೆ. ಹೇಳಿದವರ ಹೆಸರಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ. ಮುಂದೂಡಿದ್ದು ಮತ್ತೆ ಸಭೆಗೆ ಬರಲೇ ಇಲ್ಲ.

ಹೋದ ಮಳೆಗಾಲದಲ್ಲಿ ಅವರ ದೊಡ್ಡ ಹಸುವಿಗೆ ಹಾವು ಕಚ್ಚಿತು. ಡಾಕ್ಟರು ಬರುವಷ್ಟರಲ್ಲಿ ಹೋಯಿತು. ಕರು ಹಾಕಿ ಇಪ್ಪತ್ತು ದಿನವಾಗಿತ್ತು. ನಾನು ಹೋಗಿದ್ದೆ. ಏನು ಮಾತಾಡಬೇಕು ಅಂತ ಗೊತ್ತಾಗದೆ "ವಿಮೆ ಇದ್ದಿದ್ದರೆ ಆಗ್ತಿತ್ತು" ಅಂದುಬಿಟ್ಟೆ. ಆ ತಾಯಿ ಹಸುವಿನ ಕಣ್ಣಿ ಬಿಚ್ಚುತ್ತಾ ಕೂತಿದ್ದವರು ತಲೆ ಎತ್ತಲಿಲ್ಲ. "ಅರ್ಜಿ ಕೊಟ್ಟಿದ್ನೆರಿ ಅಣ್ಣಾರ" ಅಂದರು. ನಾನು ಮಾತು ಬದಲಾಯಿಸಲಿಕ್ಕೆ, "ಬಿಜಾಪುರದಲ್ಲಿ ಈಗ ಯಾರಿದ್ದಾರೆ ನಿಮಗೆ?" ಅಂತ ಕೇಳಿದೆ. ಅದಕ್ಕೆ ಅವರು, "ನಾವು ಬಿಜಾಪುರದವರಲ್ರಿ. ಕೊಪ್ಪಳ ಜಿಲ್ಲಾ, ಕುಷ್ಟಗಿ ಕಡೇರು. ಬಿಜಾಪುರ ನಾ ನೋಡೇ ಇಲ್ರಿ" ಅಂದರು.

ಹನ್ನೆರಡು ವರ್ಷ ನಾವು ಒಬ್ಬರನ್ನು ಅವರು ನೋಡದೇ ಇರುವ ಊರಿನ ಹೆಸರು ಹಿಡಿದು ಕರೆದಿದ್ದೇವೆ. ಅವರು ಒಂದು ದಿನವೂ ಇಲ್ಲ ಅನ್ನಲಿಲ್ಲ. ನಾನು ಮನೆಗೆ ಬಂದು ದೇವರ ಕೋಣೆಯ ಚೌಕಟ್ಟಿಗೆ ಒರಗಿ ಬಹಳ ಹೊತ್ತು ಕೂತಿದ್ದೆ. ಅಪ್ಪ ಬದುಕಿದ್ದರೆ ಏನು ಅನ್ನುತ್ತಿದ್ದರೋ ಗೊತ್ತು, ಹಾಗಾಗಿ ಅವರ ಫೋಟೋದ ಕಡೆ ನೋಡಲಿಲ್ಲ. ಅವರ ಮಗಳು ನಮ್ಮೂರ ಶಾಲೆಯಲ್ಲೇ ಏಳನೇ ಕ್ಲಾಸು. ಆ ಮಗು ಮೊನ್ನೆ ಡೇರಿಯಲ್ಲಿ ಕ್ಯಾನು ಇಟ್ಟು ಪರೀಕ್ಷಕರನ್ನು "ಎಂತ ಮಾರಾಯ್ರೆ, ಇವತ್ತು ಫ್ಯಾಟು ಕಮ್ಮಿ ಬಂತಾ?" ಅಂತ ಕೇಳುತ್ತಿತ್ತು. ನನ್ನ ಎಂತದು ಈಗ ಅವಳ ಬಾಯಲ್ಲಿದೆ. ಅವಳನ್ನೂ ಯಾರಾದರೂ ಹುಡುಗರು ಹಾಡು ಕಟ್ಟಿ ಕಾಡುತ್ತಾರೋ ಏನೋ ಕೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ನಿಯಮದ ಪ್ರಕಾರ ಕಾರ್ಯವ್ಯಾಪ್ತಿಯಲ್ಲಿ ವಾಸ ಇರಬೇಕು, ಹಸು ಇರಬೇಕು, ಷೇರು ಹಣ ಕಟ್ಟಬೇಕು. ಮೂರೂ ಇದೆ. ಬೈಲಾವನ್ನು ನಾನು ಎರಡು ಸಲ ಓದಿದೆ. ಯಾವ ಸೀಮೆಯವರು ಅಂತ ಕೇಳುವ ಕಾಲಂ ಅದರಲ್ಲಿ ಎಲ್ಲೂ ಇಲ್ಲ. ನಿನ್ನೆ ಅತಿಥಿಗಳು ಕಣಗಿನಹಾಳದ ಕತೆ ಹೇಳುವಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಕುಷ್ಟಗಿಯಿಂದ ಗದಗಿನ ಕಡೆ ಅಂಥ ದೂರವೇನಲ್ಲ. ಸಹಕಾರ ಸಂಘ ಹುಟ್ಟಿದ್ದೇ ಆ ತಾಯಿಯ ಸೀಮೆಯ ಪಕ್ಕದಲ್ಲಿ. ಅಲ್ಲಿಂದ ನಾವು ಸಂಘ ತಂದುಕೊಂಡೆವು, ಅಲ್ಲಿಂದ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದೆವು.

ಬರುವ ಹದಿನೈದನೇ ತಾರೀಕು ಆಡಳಿತ ಮಂಡಳಿ ಸಭೆ ಇದೆ. ಹಳೇ ಅರ್ಜಿಯನ್ನು ಕಡತದಿಂದ ತೆಗೆಸಿ ಕಾರ್ಯಸೂಚಿಗೆ ಸೇರಿಸಲು ಹೇಳಿದ್ದೇನೆ, ನಾಲ್ಕನೇ ವಿಷಯ. ಸೂಚಕ ಅಂತ ನಾನು ಸಹಿ ಹಾಕಿ ಆಗಿದೆ. ಅನುಮೋದಕರ ಜಾಗ ಖಾಲಿ ಇದೆ. ಚಿಕ್ಕಂದಿನಲ್ಲಿ ಹಾಡು ಹಾಡಿದವರು ಮುಂದಿನ ಸಾಲಿನಲ್ಲಿ ಮೂರು ಜನ ಇದ್ದೀರಿ ಅಂದೆನಲ್ಲ, ಅದರಲ್ಲಿ ಒಬ್ಬರು ಈಗ ನಮ್ಮ ಮಂಡಳಿಯ ನಿರ್ದೇಶಕರು. ಪೆನ್ನು ನನ್ನ ಜೇಬಿನಲ್ಲೇ ಇದೆ, ಊಟಕ್ಕೆ ಏಳುವ ಮೊದಲು ಸ್ವಲ್ಪ ಈ ಕಡೆ ಬಂದು ಹೋಗಿ.